ಗಂಧ ಹಚ್ಚಿದ ಮೊನೆ

ಮಂಜುನಾಥರ ಹಳೆಯ ಪಿಕಪ್ ಟ್ರಕ್ಕಿನ ಮುಂದಿನ ಸೀಟು ಮೂರು ವರ್ಷದಿಂದ ನಿಸರ್ಗಾಳದಾಗಿತ್ತು. ಬೆಲ್ಟು ಅವಳ ಅಳತೆಗೆ ಹೊಂದಿಕೊಂಡಿತ್ತು. ಬಾಗಿಲ ಗೂಡಿನಲ್ಲಿ ಅವಳ ಹೇರ್ ಬ್ಯಾಂಡು, ಲಿಪ್ ಬಾಮು, ಅರ್ಧ ತಿಂದು ಸುತ್ತಿಟ್ಟ ಕಡಲೆಮಿಠಾಯಿ ಇರುತ್ತಿದ್ದವು. ಈ ವರ್ಷ ಬೇಸಿಗೆ ಮುಗಿಯುವಷ್ಟರಲ್ಲಿ ಆ ಗೂಡಿನಲ್ಲಿ ಬೇರೆ ಯಾರದೋ ಸನ್‌ಸ್ಕ್ರೀನು ಬಂದು ಕೂತಿತು. ಕಡಲೆಮಿಠಾಯಿಯನ್ನು ಯಾರೋ ಎಸೆದಿದ್ದರು.

ಯಾರೋ ಏನು, ನಿಹಾರಿಕಾಳೇ.

ಮಂಜುನಾಥರು ನಿಸರ್ಗಾಳ ಸೋದರಮಾವ. ಮಂಡ್ಯ ಬಿಟ್ಟು ಬಂದು ವಾಲ್ನಟ್ ಕ್ರೀಕ್‌ನಲ್ಲಿ ಮನೆ ಮಾಡಿ ತಲೆಗೂದಲು ಬೆಳ್ಳಗಾದವರು. ಓದಲು ಬಂದ ಅಕ್ಕನ ಮಗಳು ಓದು ಮುಗಿಸಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿಗೆ ಕೆಲಸಕ್ಕೆ ಸೇರಿದಾಗ, ಅಲ್ಲಿಯ ಬಾಡಿಗೆ ಕೇಳಿ ತಾವೇ ಹೆದರಿ, ನಮ್ಮನೇಲೇ ಇದ್ದು ರೈಲಲ್ಲಿ ಓಡಾಡು ಅಂದಿದ್ದರು. ಹಾಗೆ ಉಳಿದವಳಿಗೆ ಆ ಮನೆಯಲ್ಲಿ ಸಿಕ್ಕಿದ ದೊಡ್ಡ ಆಸ್ತಿಯೆಂದರೆ ಮಾವನ ಬಿಲ್ವಿದ್ಯೆ. ಮಾವ ಆಫೀಸಿನ ಗೆಳೆಯರಿಂದ ಬಿಲ್ಲು ಹಿಡಿಯಲು ಕಲಿತು, ಗುಡ್ಡದಲ್ಲಿ ದನ ಮೇಯಿಸುವ ರ್ಯಾಂಚುಗಳಲ್ಲಿ ಕಾಡುಹಂದಿ ಬೇಟೆಗೆ ಹೋಗುತ್ತಿದ್ದರು. ಮಗ ಅಭಿರಾಮ ರಕ್ತ ಕಂಡರೆ ಕಣ್ಣು ಕತ್ತಲೆ ಬಂದು ಕೂರುವವನು. ಹಾಗಾಗಿ ಮಾವನ ಹಿಂದೆ ಚೀಲ ಹೊತ್ತು ನಡೆದವಳು ನಿಸರ್ಗಾ. ನಾಲ್ಕು ಜನರ ನಡುವೆ ಬಾಯಿ ಬಿಡಲಾಗದವಳಿಗೆ, ಮಾತಾಡದೆ ಇರುವುದೇ ಗುಣ ಎನ್ನಿಸಿಕೊಳ್ಳುವ ಒಂದು ಜಾಗ ಸಿಕ್ಕಿತ್ತು.

ರ್ಯಾಂಚಿನ ಒಡೆಯ ಮುದುಕನದು ಒಂದೇ ಷರತ್ತು. ಹಂದಿಗಳು ಹುಲ್ಲುಗಾವಲನ್ನೆಲ್ಲ ಉತ್ತು ಹಾಳು ಮಾಡುತ್ತಿದ್ದುದರಿಂದ ಬೇಟೆಗೆ ಬನ್ನಿ ಅನ್ನುತ್ತಿದ್ದ. ಆದರೆ ಒಂದು ಸಲಕ್ಕೆ ಒಂದೇ ಬಿಲ್ಲು. ಜೊತೆಗೆ ಬರುವವರು ಬರಿಗೈಯಲ್ಲಿ ಬರಬೇಕು. ಹೋದ ವರ್ಷ ಆ ಒಂದು ಬಿಲ್ಲು ನಿಸರ್ಗಾಳದಾಗಿತ್ತು. ಹಂದಿ ಎದುರಿಗೆ ಬಂದು ನಿಂತಿತ್ತು. ಹೆದೆ ಎಳೆದಳು. ಹಂದಿ ಕೊಂಚ ಓರೆಯಾಗಿತ್ತು, ಅವಳ ತೋಳು ನಡುಗಿತು, ನಿಧಾನವಾಗಿ ಹೆದೆ ಇಳಿಸಿಬಿಟ್ಟಳು. ಮಾವ ಅಂದದ್ದು ಇಷ್ಟೇ: "ಸರಿ, ನಡಿ." ಆ ಎರಡು ಪದಗಳನ್ನು ಅವಳು ರೈಲಿನಲ್ಲಿ ಹೋಗುತ್ತಾ ಬರುತ್ತಾ ವರ್ಷವಿಡೀ ಅಗಿದಿದ್ದಳು. ಇವಳ ಕೈಲಾಗುವುದಿಲ್ಲ ಅಂತಲೇ ಅದರರ್ಥ ಎಂದು ತೀರ್ಮಾನವಾಗುವ ಹೊತ್ತಿಗೆ, ಅಭಿರಾಮನ ಹೆಂಡತಿಯಾಗಿ ನಿಹಾರಿಕಾ ಬಂದಳು.

ಅಭಿರಾಮನನ್ನು ಮದುವೆಯಾಗುವ ಯೋಚನೆ ನಿಸರ್ಗಾಳಿಗೆ ಕನಸಿನಲ್ಲೂ ಬಂದಿರಲಿಲ್ಲ. ಅವನನ್ನು ಯಾರು ಬೇಕಾದರೂ ಕಟ್ಟಿಕೊಳ್ಳಲಿ. ಆದರೆ ಹಾಗೆ ಕಟ್ಟಿಕೊಂಡವಳು ಲಾಸ್ ಗ್ಯಾಟೋಸ್‌ನ ತಮ್ಮ ಮನೆಯಿಂದ ಶನಿವಾರ ಶನಿವಾರ ಬಂದು, ಮಾವನ ಬಿಲ್ಲನ್ನು ಗೋಡೆಯಿಂದ ಇಳಿಸಿ, "ಮಾವ, ನಂಗೂ ಹೇಳ್ಕೊಡ್ತೀರಾ?" ಅನ್ನಬೇಕೆ? ಬೆಂಗಳೂರಿನಲ್ಲಿ ಬ್ಯಾಡ್ಮಿಂಟನ್ ಆಡಿ ಬೆಳೆದ ಎತ್ತರದ ಹುಡುಗಿ. ನಿಸರ್ಗಾ ವರ್ಷಗಟ್ಟಲೆ ಒದ್ದಾಡಿದರೂ ಎಳೆಯಲಾಗದ ಆ ಬಿಲ್ಲನ್ನು ಬಾಗಿಲ ಪರದೆ ಸರಿಸುವಂತೆ ಎಳೆದಳು. ಅಂದಿನಿಂದ ಮನೆಯಲ್ಲಿ ಮಾವ ಎಂದು ಕರೆಯುವ ಬಾಯಿ ಎರಡಾದವು. ನಿಸರ್ಗಾ ಮೆಲ್ಲಗೆ ಕರೆದರೆ ಅವರಿಗೆ ಕೇಳಿಸುತ್ತಿರಲಿಲ್ಲ. ಇನ್ನೊಬ್ಬಳು ಕರೆದರೆ ಹಿತ್ತಲಿನಿಂದಲೂ ಓಗೊಡುತ್ತಿದ್ದರು.

ಮಾವನ ತಾಯಿ ಕೆಂಪಮ್ಮಜ್ಜಿ ಮೊದಲ ದಿನವೇ ಹೇಳಿದ್ದರು, ಅವಳು ನಿಂಗೆ ವರಸೇಲಿ ಅಕ್ಕ ಆಗ್ಬೇಕು, ಅಕ್ಕ ಅನ್ನು ಎಂದು. ನಿಸರ್ಗಾ ತಲೆಯಾಡಿಸಿದ್ದಳು. ಆಮೇಲೆ ಅವಳನ್ನು ಏನೂ ಎಂದು ಕರೆಯದೆಯೇ ಕಾಲ ತಳ್ಳುತ್ತಿದ್ದಳು. ಅದೇನು ಕಷ್ಟವಲ್ಲ; ಎದುರಿಗೆ ಹೋಗಿ ನಿಂತು ಮಾತಾಡಿದರಾಯಿತು.

ಬಿಲ್ಲಂಗಡಿಯಲ್ಲಿ ಬಾಣದ ಮೊನೆ ಆರಿಸಿದ ದಿನವನ್ನು ಮಾತ್ರ ಅವಳು ಮರೆಯಲಾರಳು. ಬೇಟೆಯ ಬಾಣಕ್ಕೆ ಹಾಕುವ ಅಗಲ ಮೊನೆಗೆ ಬ್ರಾಡ್‌ಹೆಡ್ ಅನ್ನುತ್ತಾರೆ, ಇವರ ಬಾಯಲ್ಲಿ ಬರೀ ಹೆಡ್. ಅದರಲ್ಲಿ ಫಿಕ್ಸೆಡ್ ಎಂದರೆ ಅಲಗುಗಳು ಕದಲದಂತೆ ಕೂತಿರುವುದು. ಮೆಕ್ಯಾನಿಕಲ್ ಎಂದರೆ ಹಾರುವಾಗ ಅಲಗು ಮಡಚಿಕೊಂಡಿದ್ದು, ತಾಗಿದ ಕೂಡಲೇ ಎರಡೂ ಕಡೆ ಬಿಚ್ಚಿಕೊಳ್ಳುವುದು. ನಿಸರ್ಗಾಳಿಗೆ ಮಾವ ಆರಿಸಲು ಬಿಟ್ಟಿರಲೇ ಇಲ್ಲ. ಮೂರು ವರ್ಷದ ಹಿಂದೆ ಫಿಕ್ಸೆಡ್ಡಿನ ಒಂದು ಡಬ್ಬಿ ತಂದು ಅಂಗೈಯಲ್ಲಿಟ್ಟು, ಮಸೆಯುವುದನ್ನು ಕಲಿಸಿದ್ದರು, ಅಷ್ಟೇ. ಈಗ ನಿಹಾರಿಕಾಳಿಗೋಸ್ಕರ ಅಂಗಡಿಯ ಗಾಜಿನ ಪೆಟ್ಟಿಗೆಯ ಮುಂದೆ ಮಾವ ಪಾಠಕ್ಕೆ ನಿಂತುಬಿಟ್ಟರು. ಗಂಡು ಹಂದಿಯ ಹೆಗಲಿನ ಮೇಲೆ ಗುರಾಣಿಯಂತೆ ದಪ್ಪ ಚರ್ಮ ಇರುತ್ತದೆಂದರು. ಹೆಡ್ಡಿನ ಆಯ್ಕೆ ರುಚಿಯ ಮಾತಲ್ಲ, ಬಿಲ್ಲಿನ ಬಲದ ಮಾತು ಎಂದರು. ನಿಹಾರಿಕಾ ಒಂದೊಂದನ್ನೂ ಕೈಗೆ ತೆಗೆದುಕೊಂಡು, ತಿರುಗಿಸಿ, ಪ್ರಶ್ನೆ ಕೇಳಿದಳು.

"ಇದು ಛತ್ರಿ ಥರ ಓಪನ್ ಆಗುತ್ತಲ್ವಾ ಮಾವ? ನಂಗಿದೇ ಇರ್ಲಿ. ಆ ಇನ್ನೊಂದನ್ನ ನೋಡಿದ್ರೆ ತರಕಾರಿ ಹೆಚ್ಚೋದು ಜ್ಞಾಪಕ ಬರುತ್ತೆ."

ಮಾವ ಅಂಗಡಿಯವರೆಲ್ಲ ತಿರುಗಿ ನೋಡುವಂತೆ ನಕ್ಕರು. "ತಗೊ. ನೆಟ್ಟಗೆ ಹಾರ್ತದೆ ಅದು. ಬಿಚ್ಕೊಳ್ಳೋಕೆ ಬಲ ಬೇಕು, ನಿನ್ನ ಬಿಲ್ಲಿಗೆ ಆ ಬಲ ಅದೆ."

ಪಕ್ಕದಲ್ಲಿ ನಿಂತಿದ್ದ ನಿಸರ್ಗಾ ಬತ್ತಳಿಕೆಯೊಂದರ ಬಕಲನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದಳು. ಮೂರು ವರ್ಷದಲ್ಲಿ ತನ್ನ ಯಾವ ಮಾತಿಗಾದರೂ ಮಾವ ಹೀಗೆ ನಕ್ಕದ್ದುಂಟೇ ಎಂದು ಹುಡುಕಿದಳು. ತಾನು ಅಷ್ಟು ಮಾತಾಡಿಯೇ ಇಲ್ಲವಲ್ಲ. ಮನೆಗೆ ಬಂದ ಮೇಲೆ ಗ್ಯಾರೇಜಿನಲ್ಲಿ ಧೈರ್ಯ ಮಾಡಿ, ನಾನೂ ಮೆಕ್ಯಾನಿಕಲ್ ಹಾಕಲಾ ಎಂದು ಕೇಳಿದ್ದಳು. ಮಾವ ಬಿಲ್ಲಿಗೆ ಮೇಣ ಉಜ್ಜುತ್ತಾ, ತಲೆಯೆತ್ತದೆ, ನಿನ್ನ ಬಿಲ್ಲಿಗೆ ಬೇಡ ಮಗಾ, ಎಳೆತ ಕಮ್ಮಿ ಎಂದರು. ನಿಜವಾದ ಮಾತು. ಅವಳ ಬಿಲ್ಲಿನ ಎಳೆತ ಕಮ್ಮಿಯೇ. ಆದರೆ ಆ ಮಾತು ಬಿಲ್ಲನ್ನು ದಾಟಿ ಬಂದು ಅವಳ ಎದೆಗೆ ನಾಟಿತು.

ಆಯುಧಪೂಜೆ ಗ್ಯಾರೇಜಿನಲ್ಲೇ ನಡೆಯಿತು. ಎರಡು ಕಾರು, ಟ್ರಕ್ಕು, ಅಜ್ಜಿಯ ಮಿಕ್ಸಿ, ಅಭಿರಾಮನ ಲ್ಯಾಪ್‌ಟಾಪು, ನಡುವೆ ಮಣೆಯ ಮೇಲೆ ಬಿಲ್ಲುಗಳು. ಬೂದುಗುಂಬಳ ಸಿಗದೆ, ಗ್ರೋಸರಿಯಲ್ಲಿ ಹ್ಯಾಲೋವೀನಿಗೆಂದು ರಾಶಿ ಹಾಕಿದ್ದ ಬಿಳಿ ಕುಂಬಳವೊಂದನ್ನು ಅಜ್ಜಿ ಆರಿಸಿ ತರಿಸಿದ್ದರು. ಹೆಡ್ಡುಗಳನ್ನು ಬಾಣದಿಂದ ಬಿಚ್ಚಿ ಹಿತ್ತಾಳೆ ತಟ್ಟೆಯಲ್ಲಿ ಜೋಡಿಸಲಾಗಿತ್ತು. ನಿಸರ್ಗಾ ಉಂಗುರದ ಬೆರಳಿನಲ್ಲಿ ತನ್ನವಕ್ಕೂ ಮಾವನವಕ್ಕೂ ಬುಡದಲ್ಲಿ ಒಂದೊಂದು ಚುಕ್ಕೆ ಇಟ್ಟಳು. ಮಸೆದ ಅಲಗಿಗೆ ಏನೂ ತಾಗಬಾರದು. ನಿಹಾರಿಕಾಳಿಗೆ ಅಜ್ಜಿಯನ್ನು ಮೆಚ್ಚಿಸುವ ಹುರುಪು. ಅಜ್ಜಿ ಊರಿನಿಂದ ತಂದ ಸಾಣೆಕಲ್ಲಿನಲ್ಲಿ ತೇದಿಟ್ಟ ಗಂಧ ಗಟ್ಟಿ ಮೊಸರಿನಂತಿತ್ತು. ಅದಕ್ಕೆ ಅರಿಶಿನ ಕುಂಕುಮ ಕಲಸಿ ತನ್ನ ಹೆಡ್ಡುಗಳಿಗೆ ಮೈತುಂಬ ಬಳಿದಳು.

"ನೋಡೇ ನಿಸರ್ಗಾ," ಅಂದರು ಅಜ್ಜಿ. "ನಿಮ್ಮಕ್ಕ ಎಂಗೆ ಬಳಿದವ್ಳೆ, ಕಣ್ತುಂಬ ಕಾಣ್ತದೆ. ನೀನು ಜಿಪುಣಿ ಕಣೆ, ದೇವರಿಗೂ ಲೆಕ್ಕ ಆಕ್ತೀಯೆ."

ಮಂಗಳಾರತಿ ಆದ ಮೇಲೆ ಮಾವ, ನಾಳೆ ಬೆಳಿಗ್ಗೆ ಪೂಜೆ ಎತ್ತಿ ನೇರ ರ್ಯಾಂಚಿಗೆ ಹೊರಡುವುದು, ಈ ಸಲದ ಬಿಲ್ಲು ನಿಹಾರಿಕಾಳದು ಎಂದರು. ಅಂದದ್ದು ಪ್ರಸಾದದ ಬಾಳೆಹಣ್ಣು ಸುಲಿಯುತ್ತಾ, ಅದೇನು ದೊಡ್ಡ ವಿಷಯವಲ್ಲ ಎಂಬಂತೆ. ಈ ಸಲವೂ ತನಗೇ ಎಂದು ನಿಸರ್ಗಾ ನಂಬಿಕೊಂಡಿದ್ದಳು. ತನ್ನ ಹೆಡ್ಡುಗಳನ್ನು ವಾರವಿಡೀ ಮಸೆದು, ಹರಿತ ಬಂತೇ ಎಂದು ಕೂದಲ ಮೇಲೆ ಎಳೆದೆಳೆದು ನೋಡಿ, ಅವಳ ಮುಂಗೈ ಒಂದು ಕಡೆ ಬೋಳಾಗಿಯೇ ಹೋಗಿತ್ತು. ಆ ಕೈಯನ್ನು ದುಪಟ್ಟಾದೊಳಗೆ ಮುಚ್ಚಿಕೊಂಡಳು.

ಬೆಳಿಗ್ಗೆ ಪೂಜೆ ಎತ್ತಿದ ಅಜ್ಜಿ, ಹಚ್ಚಿದ್ದನ್ನು ಒರೆಸಿಕೊಂಡು ಹೋಗಬೇಡಿ, ಅದೇ ರಕ್ಷೆ ಎಂದು ಕಟ್ಟಪ್ಪಣೆ ಮಾಡಿದರು. ಗಂಧದ ಮೊನೆಗಳು ಹಾಗೆಯೇ ಬಾಣಕ್ಕೇರಿದವು. ನಿಹಾರಿಕಾ ಮುಂದಿನ ಸೀಟಿನಲ್ಲಿ ಕೂತಳು. ಫ್ರೀವೇ ಬಿಟ್ಟು ಗುಡ್ಡದ ದಾರಿ ಹಿಡಿಯುವವರೆಗೂ ಅವಳೂ ಮಾವನೂ ಏನೇನೋ ಮಾತಾಡಿಕೊಂಡರು. ಹಿಂದೆ ಕೂತವಳಿಗೆ ಅವರಿಬ್ಬರ ಕಿವಿಗಳಷ್ಟೇ ಕಾಣುತ್ತಿದ್ದವು.

ರ್ಯಾಂಚಿನ ಗೇಟಿನ ಹತ್ತಿರ ಮಾವ ಇಳಿದು ಬೀಗಕ್ಕೆ ಕೈ ಹಾಕಿದರು. ನಸುಬೆಳಕು. ಹತ್ತಿರದ್ದು ಅವರಿಗೆ ಕನ್ನಡಕವಿಲ್ಲದೆ ಕಾಣದು. "ಮಗಾ, ಅವಳ ಬಾಣ ಒಂದ್ಸಲ ನೋಡ್ಬುಡು," ಎಂದು ನಿಸರ್ಗಾಳಿಗೆ ಕೂಗಿ ಹೇಳಿದರು.

ಅವಳು ಬತ್ತಳಿಕೆಯಿಂದ ಒಂದು ಬಾಣ ತೆಗೆದು, ಹೆಡ್ಡಿನ ಮಡಚಿದ ಅಲಗನ್ನು ಹಿಂಬದಿಯಿಂದ ಉಗುರಿನಲ್ಲಿ ಮೀಟಿದಳು. ಅಲುಗಲಿಲ್ಲ. ಇನ್ನೊಂದು ಬದಿ ಮೀಟಿದಳು. ಅಲುಗಲಿಲ್ಲ. ಅಲಗು ತಿರುಗುವ ಸಂದಿಯೊಳಗೆ ಗಂಧ ಇಳಿದು, ಒಣಗಿ, ಗಾರೆಯಂತೆ ಕಚ್ಚಿಕೊಂಡಿತ್ತು. ಉಳಿದ ಬಾಣಗಳೂ ಹಾಗೆಯೇ. ಈ ಛತ್ರಿ ಬಿಚ್ಚಿಕೊಳ್ಳುವುದಿಲ್ಲ. ತಾಗಿದರೆ ಪೆನ್ಸಿಲಿನಷ್ಟು ತೂತು. ಹಂದಿ ಸಾಯುವುದಿಲ್ಲ, ಬದುಕುವುದೂ ಇಲ್ಲ.

ಅವಳ ಮುಡಿಯಲ್ಲೇ ಒಂದು ಪಿನ್ನಿತ್ತು. ಗೆಬರಿದರೆ ಎರಡು ನಿಮಿಷದ ಕೆಲಸ.

ಬಹಳ ಹಿಂದೆ ಮಾವನ ಗೆಳೆಯನೊಬ್ಬ ಮೊಂಡು ಹೆಡ್ಡಿನಲ್ಲಿ ಹಂದಿಯೊಂದನ್ನು ಹೊಡೆದು ಕಳೆದುಕೊಂಡಿದ್ದನಂತೆ. ಕಣಿವೆಯಲ್ಲಿ ರಣಹದ್ದು ಸುತ್ತುವವರೆಗೂ ಮಾವ ಅದನ್ನು ಹುಡುಕಿದ್ದರಂತೆ. ಆಮೇಲೆ ಆ ಗೆಳೆಯನ ಜೊತೆ ಅವರು ಮತ್ತೆ ಯಾವತ್ತೂ ಬೇಟೆಗೆ ಹೋಗಲಿಲ್ಲ. ಯಾವತ್ತೂ. ಆ ಪದ ನಿಸರ್ಗಾಳ ನಾಲಿಗೆಯ ಮೇಲೆ ಸಿಹಿಯಾಗಿ ಕರಗಿತು. ತಾಗಿದ ರಭಸಕ್ಕೆ ಬಿಚ್ಚಿಕೊಂಡರೂ ಬಿಚ್ಚಿಕೊಂಡೀತು ಎಂದು ತನಗೆ ತಾನೇ ಹೇಳಿಕೊಂಡಳು. ಬತ್ತಳಿಕೆಯನ್ನು ನಿಹಾರಿಕಾಳ ಕೈಗೆ ಕೊಟ್ಟಳು. ಏನೂ ಹೇಳಲಿಲ್ಲ. ಆ ಮನೆಯಲ್ಲಿ ಅವಳು ಸುಮ್ಮನಿದ್ದರೆ ಅದಕ್ಕೆ ಒಂದೇ ಅರ್ಥ, ಎಲ್ಲ ಸರಿಯಿದೆ ಅಂತ. ಮಾವ ಗೇಟು ತಳ್ಳಿದರು.

ಒಣಹುಲ್ಲಿನ ಇಳಿಜಾರಿನಲ್ಲಿ ಅವರಿಬ್ಬರು ಮುಂದೆ, ಚೀಲ ಹೊತ್ತ ನಿಸರ್ಗಾ ಹಿಂದೆ. ಮಾವ ಪಿಸುದನಿಯಲ್ಲಿ ಹೇಳಿಕೊಡುತ್ತಿದ್ದರು: ಗಾಳಿ ಕೆನ್ನೆಗೆ ಹೊಡೆಯುತ್ತಿದ್ದರೆ ಸರಿ, ಹಿಂಗತ್ತಿಗೆ ಹೊಡೆದರೆ ನಿಲ್ಲು, ಹಂದಿಗೆ ಕಣ್ಣು ಮಂದ, ಮೂಗು ಚುರುಕು, ಹಿಮ್ಮಡಿ ಮೊದಲು ಊರು. ಒಂದೊಂದೂ ತನಗೆ ಹೇಳಿದ್ದೇ ಮಾತು, ಅದೇ ಪದ, ಅದೇ ರಾಗ. ಅವೆಲ್ಲ ತನಗಾಗಿಯೇ ಹುಟ್ಟಿದ ಮಾತುಗಳೆಂದು ಅವಳು ಇಷ್ಟು ದಿನ ಕಾಪಿಟ್ಟುಕೊಂಡಿದ್ದಳು. ಯಾರು ಹಿಂದೆ ನಡೆದರೂ ಮಾವ ಇವನ್ನೇ ಹೇಳುತ್ತಾರೆ ಎಂದು ಈಗ ಗೊತ್ತಾಯಿತು. ಬಿಡಲಿ ಬಾಣ ಎಂದುಕೊಂಡಳು. ಬಿಡಲಿ.

ದನಗಳಿಗೆಂದು ಕಟ್ಟಿದ ಹೊಂಡದ ಆಚೆ, ಓಕ್ ಮರಗಳ ಕೆಳಗೆ ಹಂದಿಗಳ ಹಿಂಡಿತ್ತು. ಗಂಡೊಂದು ಬೇರೆಯಾಗಿ, ಮಗ್ಗುಲು ತೋರಿಸಿಕೊಂಡು ನಿಂತಿತ್ತು. ಮಾವ ಬೆರಳಿನಲ್ಲಿ ಸನ್ನೆ ಮಾಡಿದರು. ನಿಹಾರಿಕಾ ಮಂಡಿಯೂರಿ ಹೆದೆ ಎಳೆದಳು. ಅವಳ ತೋಳು ನಡುಗಲಿಲ್ಲ. ಕೊರಳಿನಿಂದ ಮೊಣಕೈವರೆಗೆ ಒಂದೇ ಗೆರೆ ಎಳೆದಂತಿತ್ತು. ಎಷ್ಟು ಚೆನ್ನಾಗಿದ್ದಾಳೆ ಎಂದು ನಿಸರ್ಗಾಳಿಗೆ ಅನ್ನಿಸಿತು.

ಆಗ ಆ ಹಂದಿ ಮರಕ್ಕೆ ಮೈ ಆನಿಸಿ ತುರಿಸಿಕೊಳ್ಳತೊಡಗಿತು. ಕಣ್ಣು ಮುಚ್ಚಿಕೊಂಡು, ಮೂತಿ ಮೇಲೆತ್ತಿ, ಹೆಗಲನ್ನು ತೊಗಟೆಗೆ ಉಜ್ಜುತ್ತಾ ಗುರ್ ಗುರ್ ಎನ್ನುತ್ತಿತ್ತು. ಹಬ್ಬದ ಎಣ್ಣೆಸ್ನಾನದಲ್ಲಿ ಬೆನ್ನು ತಿಕ್ಕಿಸಿಕೊಳ್ಳುವವರ ಸುಖ ಅದರ ಮುಖದಲ್ಲಿತ್ತು. ಆ ಹೆಗಲ ಹಿಂದೆ, ಉಜ್ಜಿಕೊಳ್ಳುತ್ತಿರುವ ಅದೇ ಜಾಗದಲ್ಲಿ, ಪೆನ್ಸಿಲಿನಷ್ಟು ತೂತು ನಿಸರ್ಗಾಳಿಗೆ ಕಂಡುಬಿಟ್ಟಿತು.

"ಅಕ್ಕ, ಬಿಡ್ಬೇಡಿ."

ಅಷ್ಟು ದೊಡ್ಡ ದನಿ ಅವಳಿಂದ ಹೊರಟದ್ದು ಅವಳಿಗೇ ಹೊಸದು. ಹೊಂಡದ ಆಚೆ ಒಂದೇ ಗುಟುರು, ಧೂಳು, ಮುರಿದ ಕಡ್ಡಿಗಳ ಸದ್ದು. ಹಿಂಡು ಗುಡ್ಡದ ಆ ಬದಿಗೆ ಮಾಯವಾಯಿತು. ನಿಹಾರಿಕಾ ಹೆದೆ ಇಳಿಸಿ ಬೆಪ್ಪಾಗಿ ತಿರುಗಿ ನೋಡಿದಳು. ಮಾವನ ಮುಖ ಕೆಂಪೇರಿತ್ತು. ನಿಸರ್ಗಾ ಹತ್ತಿರ ಹೋಗಿ, ಬಾಣವನ್ನು ತೆಗೆದು, ಅಲಗನ್ನು ಉಗುರಿನಲ್ಲಿ ಮೀಟಿ ತೋರಿಸಿದಳು. ಮಾವ ಕನ್ನಡಕ ಹುಡುಕಿ ಹಾಕಿಕೊಂಡು ತಾವೂ ಮೀಟಿದರು. ಅವರ ಮುಖದ ಕೆಂಪು ನಿಧಾನವಾಗಿ ಇಳಿಯಿತು.

"ಅಯ್ಯೋ ದೇವರೇ, ನಾನೇ ಬಳಿದಿದ್ದು," ಅಂದಳು ನಿಹಾರಿಕಾ. ನೆಲದ ಮೇಲೆ ಕೂತೇಬಿಟ್ಟಳು. "ಅಜ್ಜಿ ಹೊಗಳಿದ್ರು ಅಂತ ಇನ್ನೊಂದು ಕೋಟ್ ಬೇರೆ ಹೊಡೆದೆ. ಥ್ಯಾಂಕ್ಸ್ ಕಣೇ. ಈಗ ನೀನು ನೋಡಿರ್ಲಿಲ್ಲ ಅಂದಿದ್ರೆ ಏನು ಗತಿ?"

ಮಾವ ನಿಸರ್ಗಾಳ ಭುಜದ ಮೇಲೆ ಕೈಯಿಟ್ಟರು. "ಗೇಟ್ ತಾವ ಕತ್ಲಲ್ಲಿ ಕಾಣ್ದಿದ್ದು ಈಗ ಅಷ್ಟು ದೂರದಿಂದ ಕಂಡ್ತಲ್ಲ. ಕಣ್ಣು ಅಂದ್ರೆ ನಿಂದು ಕಣ್ಣು ಮಗಾ."

ವರ್ಷದಿಂದ ಅವಳು ಕಾದಿದ್ದ ಮಾತು ಅದು. ಕೈ ಭುಜದ ಮೇಲೆ ಬೆಚ್ಚಗಿತ್ತು. ಅದನ್ನು ಉಳಿಸಿಕೊಳ್ಳಲು ಅವಳು ಮಾಡಬೇಕಾದ್ದು ಏನೂ ಇರಲಿಲ್ಲ, ಎಂದಿನಂತೆ ಸುಮ್ಮನಿದ್ದರೆ ಸಾಕಿತ್ತು. ಹಾಗೆ ಸುಮ್ಮನೆ ನಿಂತೂ ನಿಂತಳು, ಹೊಂಡದ ನೀರು ತಿಳಿಯಾಗುವಷ್ಟು ಹೊತ್ತು.

"ಈಗ ನೋಡಿದ್ದಲ್ಲ ಮಾವ," ಅಂದಳು. "ಗೇಟ್ ಹತ್ರನೇ ನೋಡಿದ್ದೆ."

ಕೈ ಭುಜದಿಂದ ಇಳಿಯಿತು.

"ನೋಡಿ ಸುಮ್ನಿದ್ಯಾ?"

"ಹೂಂ."

"ಯಾಕೆ?"

ಹೇಳಲು ಅವಳ ಬಳಿ ದೊಡ್ಡ ಕಾರಣಗಳಿದ್ದವು. ಬಾಯಿಗೆ ಬಂದದ್ದು ಮಾತ್ರ ತೀರಾ ಚಿಕ್ಕದು. "ಮುಂದಿನ ಸೀಟು ನಂದಾಗಿತ್ತು."

ನಿಹಾರಿಕಾ ಹುಲ್ಲಿನ ಎಳೆಯೊಂದನ್ನು ಕೀಳುತ್ತಾ ಅವಳನ್ನೇ ನೋಡಿದಳು. ಸಿಟ್ಟು ಬರಬೇಕೋ ಬೇಡವೋ ಎಂದು ಅವಳಿಗಿನ್ನೂ ಗೊತ್ತಾದಂತಿರಲಿಲ್ಲ. ಮಾವ ಜೇಬಿನ ಚಾಕು ಬಿಚ್ಚಿ, ಸಂದಿಯ ಗಂಧವನ್ನು ಒಂದೊಂದೇ ಚೂರು ಕೆರೆದು ಉದುರಿಸಿದರು. ಅಲಗು ಟಕ್ಕೆಂದು ಬಿಚ್ಚಿಕೊಂಡಿತು. ಅದನ್ನು ಮತ್ತೆ ಮಡಚುತ್ತಾ, ಯಾರ ಮುಖವನ್ನೂ ನೋಡದೆ ಹೇಳಿದರು:

"ಓದ್ ವರ್ಸ ನೀನು ಎಳೆದ ಬಾಣ ಇಳಿಸ್ದೆ. ನಾನು ಮೊದಲನೇ ವರ್ಸ ಇಳಿಸ್ನಿಲ್ಲ, ಬುಟ್ಬುಟ್ಟೆ, ಪ್ರಾಣಿ ನರಳ್ತು. ಈ ಹುಡುಗಿ ಕೈಲಿ ಯಾರ ಮೊನೆ ಬೇಕಾದ್ರೂ ನೋಡ್ಸಬೌದು ಅಂತ ಅವತ್ತೇ ಅಂದ್ಕೊಂಡೆ. ಅದಕ್ಕೇ ಇವತ್ತು ಬಾಣ ನೋಡು ಅಂತ ನಿಂಗೆ ಏಳಿದ್ದು."

ಚಾಕು ಮಡಚಿ ಜೇಬಿಗೆ ಹಾಕಿಕೊಂಡು ಗುಡ್ಡ ಹತ್ತತೊಡಗಿದರು.

ಟ್ರಕ್ಕಿನ ಬಳಿ ಬಂದಾಗ ನಿಹಾರಿಕಾ ಹಿಂದಿನ ಬಾಗಿಲು ತೆಗೆದು ಕೂತಳು. ನಿಸರ್ಗಾ ಇನ್ನೊಂದು ಕಡೆಯಿಂದ ಹಿಂದೆಯೇ ಕೂತಳು. ಮಾವ ಕನ್ನಡಿಯಲ್ಲಿ ಇಬ್ಬರನ್ನೂ ನೋಡಿ, ನಾನೇನು ಟ್ಯಾಕ್ಸಿ ಓಡಿಸ್ತಿದ್ದೀನಾ ಎಂದು ಗೊಣಗಿದರು. ಯಾರೂ ಏಳಲಿಲ್ಲ. ಬಿಲ್ಲಿನ ಪೆಟ್ಟಿಗೆಯನ್ನು ಮುಂದಿನ ಸೀಟಿಗೆ ಒರಗಿಸಿದರು. ಬೆಲ್ಟು ಹಾಕಿಲ್ಲವೆಂದು ಟ್ರಕ್ಕು ಬಡಿದುಕೊಳ್ಳತೊಡಗಿತು. ಕೊನೆಗೆ ಪೆಟ್ಟಿಗೆಗೇ ಬೆಲ್ಟು ಬಿಗಿದರು. ಫ್ರೀವೇಗೆ ಸೇರುವ ಹೊತ್ತಿಗೆ ನಿಹಾರಿಕಾ ಮೊದಲ ಸಲ ಬಾಯಿಬಿಟ್ಟಳು.

"ಇನ್ಮೇಲೆ ನಂಗೆ ಆ ತರಕಾರಿ ಹೆಚ್ಚೋ ಹೆಡ್ಡೇ ಸಾಕು. ಅದರಲ್ಲಿ ಅಂಟ್ಕೊಳ್ಳೋಕೆ ಸಂದಿ ಇಲ್ಲ, ಅಲ್ವಾ?"

ಕೇಳಿದ್ದು ಯಾರನ್ನೋ ತಿಳಿಯಲಿಲ್ಲ. ಮಾವ ಹೇಳಿದರು: ಫಿಕ್ಸೆಡ್ ಹಾಕಿದರೆ ಬಿಲ್ಲನ್ನು ಅದಕ್ಕೆ ತಕ್ಕಂತೆ ಟ್ಯೂನ್ ಮಾಡಬೇಕು, ಆ ಕೆಲಸ ನಿಸರ್ಗಾ ಮಾಡಲಿ. ನಿಸರ್ಗಾಳ ಬಿಲ್ಲು ಮಾತ್ರ ಈ ವರ್ಷ ಗೋಡೆಯ ಮೇಲಿರಲಿ. ಹಂದಿಯನ್ನು ಗಾಯ ಮಾಡಿ ಕಳೆದುಕೊಂಡವರಿಗೆ ಅವರು ಹಾಕುವ ಶಿಕ್ಷೆ ಅದು. ಹಂದಿಗೆ ಗಾಯವಾಗಿಲ್ಲ ಎಂದು ಯಾರೂ ವಾದಿಸಲಿಲ್ಲ.

ಮುಂದಿನ ಶನಿವಾರ, ಬಿಲ್ಲಿನ ಅಭ್ಯಾಸ ಮಾಡುವ ರೇಂಜಿನಲ್ಲಿ, ಬ್ರಾಡ್‌ಹೆಡ್ಡಿಗೆಂದೇ ಇಟ್ಟ ಫೋಮಿನ ದಿಮ್ಮಿಯ ಮುಂದೆ, ನಿಹಾರಿಕಾ ಫಿಕ್ಸೆಡ್ ಹಾಕಿ ಬಾಣ ಬಿಟ್ಟಳು. ನಿಸರ್ಗಾ ಮುಂಗೈ ಬೋಳಾಗುವಷ್ಟು ಮಸೆದ ಹೆಡ್ಡುಗಳೇ ಅವು. ಅಭ್ಯಾಸದ ಮೊಂಡು ಮೊನೆಯ ಬಾಣ ನಡುವಿಗೆ ಬಿದ್ದರೆ, ಇದು ಗೇಣುದ್ದ ಎಡಕ್ಕೆ ಬಿತ್ತು. ಎಡಕ್ಕೆ ಬಿದ್ದರೆ ಬಾಣ ಕೂರುವ ರೆಸ್ಟನ್ನು ಬಲಕ್ಕೆ ಸರಿಸಬೇಕು. ಒಂದು ಕೂದಲೆಳೆ, ಹೆಚ್ಚಲ್ಲ. ಅಲೆನ್ ಕೀ ಹಿಡಿದ ನಿಸರ್ಗಾ ಸ್ಕ್ರೂ ಸಡಿಲಿಸಿದಳು. ಬಲಕ್ಕೆ ಸರಿಸಿದರೆ ಸರಿಹೋಗುತ್ತದೆ. ಎಡಕ್ಕೆ ಸರಿಸಿದರೂ ನಿಹಾರಿಕಾಳಿಗಂತೂ ಗೊತ್ತಾಗುವುದಿಲ್ಲ. ಬೆಂಚಿನ ಮೇಲೆ ಕೂತಿದ್ದ ಮಾವ ಇತ್ತ ನೋಡುತ್ತಲೂ ಇರಲಿಲ್ಲ. ಬೇಕೆಂದೇ ನೋಡುತ್ತಿಲ್ಲವೇನೋ ಎಂದು ಅವಳಿಗೆ ಅನುಮಾನ.

ಬಲಕ್ಕೆ ಸರಿಸಿದಳು. ಬಾಣ ನಡುವಿಗೆ ಹತ್ತಿರವಾಯಿತು. ಇನ್ನೊಮ್ಮೆ ಸರಿಸಿದಳು. ಈ ಸಲ ಬಾಣ ಹೋಗಿ ಮೊಂಡು ಮೊನೆಯ ಬಾಣದ ಮಗ್ಗುಲಿಗೇ ಟಪ್ಪೆಂದು ಕೂತಿತು. ಮಾವ ಬೆಂಚಿನಿಂದೆದ್ದು, ಅಂಗಡಿಯಲ್ಲಿ ನಕ್ಕಂತೆಯೇ ದೊಡ್ಡದಾಗಿ ನಕ್ಕರು, ಭಲೇ ಎಂದರು. ನಿಹಾರಿಕಾಳಿಗೆ ಎಂದರು. ನಿಸರ್ಗಾಳ ಹೊಟ್ಟೆಯೊಳಗೆ ಹಳೆಯ ಉರಿ ಹಳೆಯ ಜಾಗದಲ್ಲೇ ಹೊತ್ತಿಕೊಂಡಿತು; ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

ಅವಳು ದಿಮ್ಮಿಯ ಬಳಿ ಹೋಗಿ, ಎರಡು ಬಾಣಗಳ ನಡುವಿನ ಸಂದಿಯನ್ನು ಹತ್ತಿರದಿಂದ ನೋಡಿದಳು.

"ಇನ್ನೂ ಒಂಚೂರು ಎಡಕ್ಕಿದೆ ಅಕ್ಕ," ಅಂದಳು. "ಬಿಲ್ಲು ಕೊಡಿ ಇಲ್ಲಿ."